ಕೊನೆಯ ಸುತ್ತಿನ ತಗಡು

ಗಂಡನ ಜಾಕೀಟಿನ ಕುತ್ತಿಗೆಯ ಗುಂಡಿ ಹಾಕಲೆಂದು ಶವಪೆಟ್ಟಿಗೆಯ ಮೇಲೆ ಬಗ್ಗಿದಾಗ, ಸುತ್ತ ಅಷ್ಟೊಂದು ಹೂವಿದ್ದರೂ, ಇರ್ಮಾಳ ಮೂಗಿಗೆ ಬಡಿದದ್ದು ಸುಟ್ಟ ಹರಳೆಣ್ಣೆಯ ವಾಸನೆ. ಒಂದು ಗಳಿಗೆ ಅವಳು ಒಂಬತ್ತು ವರ್ಷದವಳಾದಳು. ಅಪ್ಪ ಗ್ಯಾರೇಜಿನಿಂದ ಒಳಗೆ ಬಂದು ತಲೆ ಸವರುತ್ತಿದ್ದ, ಅವಳ ಜಡೆಗೆಲ್ಲ ಇದೇ ವಾಸನೆ ಹತ್ತಿಕೊಳ್ಳುತ್ತಿತ್ತು, ಅಮ್ಮ ಬೈಯುತ್ತಿದ್ದಳು. ಆಮೇಲೆ ಮತ್ತೆ ಅರವತ್ತೆಂಟರ ಹೆಂಗಸಾಗಿ ಗುಂಡಿ ಹಾಕಿ ಮುಗಿಸಿದಳು.

"ಈ ಜಾಕೀಟನ್ನ ಒಗೆದೇ ಇಲ್ಲವಲ್ಲ," ಎಂದಳು.

"ಒಗೆದ್ರೆ ಅದೃಷ್ಟ ಹೋಗುತ್ತೆ ಅಂತಿದ್ದ," ಎಂದ ಬಾಗಿಲ ಬಳಿ ನಿಂತಿದ್ದ ಅತ್ತಿಲ್ಯೊ. "ಎಣ್ಣೆ ವಾಸನೆ ಮಾತ್ರ ನನ್ನಿಂದ. ಈಗಿನ ಎಂಜಿನ್ನಿಗೆ ಹರಳೆಣ್ಣೆ ಯಾತಕ್ಕೂ ಬೇಡ. ಹಳೇ ಚಾಳಿ ನೋಡು, ಪೆಟ್ರೋಲಿಗೆ ಒಂದು ಚಮಚ ಸುರೀತೀನಿ. ಒಗೀಬೇಕಿತ್ತಾ?"

"ಇರಲಿ ಬಿಡು."

ಶನಿವಾರ ಮಧ್ಯಾಹ್ನ ರೇಸ್ ಟ್ರ್ಯಾಕಿನ ಗೋಡೆಯ ಪಕ್ಕ, ಮಡಚುವ ಕುರ್ಚಿಯಲ್ಲಿ ಕೂತಲ್ಲೇ ನೆಲ್ಸೊ ಬ್ರಾವಿನ್ ಹೋಗಿಬಿಟ್ಟಿದ್ದ. ಅವರ ತಂಡದ ಪುಟ್ಟ ಫಿಯಟ್ ಆಗಷ್ಟೇ ಅರ್ಹತಾ ಸುತ್ತುಗಳನ್ನು ಮುಗಿಸಿ ಒಳಗೆ ಬಂದಿತ್ತು. ನಿದ್ದೆ ಮಾಡುತ್ತಿದ್ದಾನೆ ಎಂದುಕೊಂಡು ಯಾರೋ ಅವನ ಟೋಪಿಯನ್ನು ಮುಖದ ಮೇಲೆ ಸರಿಸಿದ್ದರಂತೆ, ಬಿಸಿಲು ಬೀಳದಿರಲಿ ಎಂದು. ಆ ಮಾತು ಇರ್ಮಾಳಿಗೆ ಯಾಕೋ ಸಮಾಧಾನ ತಂದಿತ್ತು. ಟೋಪಿ ಸರಿಸಿದವರು ಯಾರೆಂದು ಕೇಳಬೇಕು ಎಂದುಕೊಂಡಿದ್ದಳು.

ಈ ಊರಲ್ಲಿ ಹೆಣವನ್ನು ಮಾರನೆಯ ದಿನವೇ ಮಣ್ಣು ಮಾಡುತ್ತಾರೆ. ಹಾಗಾಗಿ ಭಾನುವಾರ ಬೆಳಿಗ್ಗೆ ಅಂತ್ಯಕ್ರಿಯೆ, ಮಧ್ಯಾಹ್ನ ಅದೇ ಟ್ರ್ಯಾಕಿನಲ್ಲಿ ರೇಸು, ಎರಡೂ ಒಂದೇ ದಿನಕ್ಕೆ ಬಂದವು. ತಂಡವೆಂದರೆ ಭಾರಿಯೇನಲ್ಲ. ವಾರವೆಲ್ಲ ಟ್ರ್ಯಾಕ್ಟರು ರಿಪೇರಿ ಮಾಡುವ ಅತ್ತಿಲ್ಯೊ ಅದರ ಮೆಕ್ಯಾನಿಕ್ಕು. ಬ್ರೆಡ್ಡಿನ ಭಟ್ಟಿ ನಡೆಸುವ ಮೌರೊ ಅದರ ಚಾಲಕ. ಅವನು ಎಷ್ಟು ತೆಳ್ಳಗಿದ್ದನೆಂದರೆ ಎಲ್ಲರೂ ಅವನನ್ನು 'ಕಡ್ಡಿ' ಎಂದೇ ಕರೆಯುತ್ತಿದ್ದರು. ಧಾನ್ಯದ ಸಹಕಾರಿ ಸಂಘದಲ್ಲಿ ಲಾರಿಗಳನ್ನು ತೂಗುತ್ತಿದ್ದ ನೆಲ್ಸೊ, ರೇಸಿನ ದಿನ ಗೋಡೆಯ ಪಕ್ಕ ನಿಂತು ಕಾರು ಹಾದುಹೋಗುವಾಗ ಚಾಲಕನಿಗೆ ಹಲಗೆ ತೋರಿಸುವವನು. ನೀನು ಎಷ್ಟನೆಯವನು, ಹಿಂದಿನವನು ಎಷ್ಟು ದೂರದಲ್ಲಿದ್ದಾನೆ, ಇನ್ನೆಷ್ಟು ಸುತ್ತು ಉಳಿದಿದೆ ಎಂದೆಲ್ಲ ತಗಡಿನ ಅಂಕಿಗಳನ್ನು ಹಲಗೆಗೆ ಸಿಕ್ಕಿಸಿ ತೋರಿಸಬೇಕು. ಮದುವೆಯಾದ ವರ್ಷದಿಂದ ರೇಸಿನಲ್ಲಿ ಅವನು ಮಾಡಿದ್ದು ಅದೊಂದೇ.

ಅದೊಂದೇ ಎಂಬುದೇ ಇರ್ಮಾಳ ಎದೆಯೊಳಗಿನ ಮುಳ್ಳು.

*

ಅವಳಪ್ಪ ಮಣ್ಣುರಸ್ತೆಯ ರೇಸಿನಲ್ಲಿ ಕಾರು ಓಡಿಸುತ್ತಿದ್ದವನು. ಒಂದು ಭಾನುವಾರ ನೀಲಗಿರಿ ಮರಕ್ಕೆ ಗುದ್ದಿ ಸತ್ತ. ಸಾಯಂಕಾಲ ಅವನ ಸ್ನೇಹಿತರು ಮನೆಗೆ ಬಂದು ಅಡುಗೆಮನೆಯಲ್ಲಿ ನಿಂತರು. ಯಾರೂ ಕೂರಲಿಲ್ಲ. ಅಮ್ಮ ಒಲೆಯ ಮೇಲಿದ್ದ ಸಾರನ್ನು ತಿರುವುತ್ತಲೇ ಇದ್ದಳು, ತಳ ಹಿಡಿಯುವವರೆಗೂ.

ನೆಲ್ಸೊ ಅವಳನ್ನು ಮೆಚ್ಚಿಕೊಂಡು ಮನೆಗೆ ಬರತೊಡಗಿದ ಕಾಲದಲ್ಲಿ ತಂಡದವರು ಹೊಸ ಚಾಲಕನನ್ನು ಹುಡುಕುತ್ತಿದ್ದರು. ಇವನ ಕಣ್ಣು ಚುರುಕು, ಕೈ ಸ್ಥಿರ, ಇವನೇ ಆಗಬೇಕು ಎಂದು ಅವರ ಲೆಕ್ಕ. ಇರ್ಮಾ ಹಿತ್ತಲಲ್ಲಿ ಕೂತು, ಸುತ್ತುಬಳಸದೆ ಹೇಳಿದಳು.

"ನಂಗೆ ಅಮ್ಮನ ಥರ ಒಲೆ ಮುಂದೆ ನಿಂತ್ಕೊಳ್ಳೋಕಾಗಲ್ಲ. ರೇಸಿನ ಕಾರು ಹತ್ತೋದಿದ್ರೆ ನನ್ನ ಮರೆತುಬಿಡು."

ಅವನು ಕಿತ್ತಳೆ ಸುಲಿಯುತ್ತಿದ್ದ. ಪೂರ್ತಿ ಸುಲಿದು, ಅರ್ಧ ಅವಳಿಗೆ ಕೊಟ್ಟ.

"ಹತ್ತಲ್ಲ. ಗೋಡೆ ಪಕ್ಕ ನಿಂತ್ಕೋಬಹುದಾ?"

"ನಿಂತ್ಕೋ."

ಅಷ್ಟೇ ಮಾತು. ಅವನು ಆಮೇಲೆ ಒಮ್ಮೆಯೂ ಅದನ್ನು ಎತ್ತಿ ಆಡಲಿಲ್ಲ. ಆಡಿದ್ದರೆ ಅವಳಿಗೂ ಹಗುರವಾಗುತ್ತಿತ್ತೇನೋ. ಅವಳು ಟ್ರ್ಯಾಕಿಗೆ ಕಾಲಿಡಲಿಲ್ಲ. ಅದರ ಬದಲು ಪ್ರತಿ ರೇಸಿನ ಹಿಂದಿನ ದಿನ ಮಾಂಸವನ್ನು ತೆಳ್ಳಗೆ ಬಡಿದು, ಮೊಟ್ಟೆಯಲ್ಲಿ ಅದ್ದಿ, ಒಣಬ್ರೆಡ್ಡಿನ ಪುಡಿಯಲ್ಲಿ ಹೊರಳಿಸಿ ಇಡುತ್ತಿದ್ದಳು. ಬೆಳಿಗ್ಗೆ ಎದ್ದು ಕರಿದು, ಬ್ರೆಡ್ಡಿನೊಳಗಿಟ್ಟು ಬುಟ್ಟಿ ತುಂಬ ಮಿಲನೇಸ ಕಳಿಸುತ್ತಿದ್ದಳು. ಎಲ್ಲರಿಗೂ ನಿಂಬೆ ಹಿಂಡಿದ್ದು. ನೆಲ್ಸೊನಿಗೆ ನಿಂಬೆ ಆಗದು, ಅವನದನ್ನು ಬೇರೆ ಬಟ್ಟೆಯಲ್ಲಿ ಸುತ್ತಿ ಮೇಲಿಡುತ್ತಿದ್ದಳು. ಯಾರಿಗೂ ಹೇಳದಿದ್ದರೂ ಅವಳ ಮನಸ್ಸಿನಲ್ಲಿ ಅದು ದಂಡ ಕಟ್ಟಿದ ಹಾಗೆ.

ಮಕ್ಕಳಾಗಲಿಲ್ಲ. ರೇಸುಗಳಾದವು, ಲಾರಿಗಳು ಬಂದುಹೋದವು, ಬುಟ್ಟಿಯ ಹಿಡಿ ಮುರಿದಾಗ ನೆಲ್ಸೊ ತಂತಿ ಸುತ್ತಿಕೊಟ್ಟ. ಶನಿವಾರ ಫೋನು ಬಂದಾಗಲೂ ಅವಳು ಮಾಂಸವನ್ನು ಪುಡಿಯಲ್ಲಿ ಹೊರಳಿಸಿಡುತ್ತಿದ್ದಳು.

*

ಹತ್ತು ಗಂಟೆಗೆ ಪೆಟ್ಟಿಗೆ ಎತ್ತುವ ಮೊದಲು ಮೌರೊ ಅವಳೆದುರು ಬಂದು ನಿಂತ. ರಾತ್ರಿಯೆಲ್ಲ ಅತ್ತು ಅವನ ಮೂಗು ಕೆಂಪಾಗಿತ್ತು. ಅಷ್ಟರ ನಡುವೆಯೂ ಭಟ್ಟಿಗೆ ಹೋಗಿ ಬ್ರೆಡ್ಡು ತಂದು ಬಂದವರಿಗೆಲ್ಲ ಹಂಚಿದ್ದ.

"ದೋನ್ಯಾ ಇರ್ಮಾ," ಎಂದು ಮರ್ಯಾದೆಯಿಂದ ಕರೆದ, "ನಿಮ್ಮನ್ನ ಒಂದು ಮಾತು ಕೇಳ್ಬೇಕು. ಸ್ಮಶಾನಕ್ಕೆ ಹೋಗೋ ದಾರೀಲೇ ಟ್ರ್ಯಾಕು ಸಿಗುತ್ತೆ. ಗೇಟು ತೆಗೆದಿಡ್ತೀವಿ ಅಂದಿದಾರೆ. ನೆಲ್ಸೊನ ಒಂದು ಸುತ್ತು ಹಾಕಿಸ್ತೀವಿ. ಒಂದೇ ಸುತ್ತು."

ಆ ಊರಲ್ಲಿ ಅದು ರೂಢಿ. ಫುಟ್‌ಬಾಲ್ ಆಡಿದವನ ಹೆಣವನ್ನು ಮೈದಾನದ ಮುಂದೆ, ಟೀಚರಮ್ಮನನ್ನು ಶಾಲೆಯ ಮುಂದೆ ಹಾಯಿಸಿಯೇ ಮಣ್ಣಿಗೆ ಒಯ್ಯುವುದು.

"ಹೆಣದ ಗಾಡಿ ಓಡಿಸೋನೂ ಒಪ್ಪಿದಾನೆ," ಎಂದು ಮೌರೊ ಸೇರಿಸಿದ. "ಅವನಿಗೂ ಹುರುಪೇ. ಇಳಿಜಾರಲ್ಲಿ ಸ್ವಲ್ಪ ಜೋರಾಗೇ ಬಿಡ್ತೀನಿ ಅಂತಾನೆ."

ಕಪ್ಪು ಶಾಲು ಹೊದ್ದು ಕೂತಿದ್ದ ನೆಲ್ಸೊನ ಅಕ್ಕ ಪಾಲ್ಮಿರಾ ತಲೆ ಎತ್ತಿದಳು. ಅವಳದು ದೊಡ್ಡ ದನಿ, ಪಿಸುಗುಟ್ಟಿದರೂ ಪಕ್ಕದ ಬೀದಿಗೆ ಕೇಳುತ್ತಿತ್ತು.

"ನನ್ನ ತಮ್ಮ ಚಾಂಪಿಯನ್ ಆಗ್ತಿದ್ದ. ಊರೆಲ್ಲ ಹೇಳೋದು ಅದನ್ನೇ. ಬದುಕಿದ್ದಾಗಂತೂ ಹತ್ತೋಕೆ ಬಿಡ್ಲಿಲ್ಲ, ಸತ್ತ ಮೇಲಾದ್ರೂ ಒಂದು ಸುತ್ತು ಹೋಗ್ಲಿ ಬಿಡು, ಇರ್ಮಾ."

ಮೌರೊ ನೆಲ ನೋಡಿದ. ಈ ಮಾತನ್ನು ಒಂದಲ್ಲ ಒಂದು ದಿನ ಯಾರಾದರೂ ಬಾಯಿಬಿಟ್ಟು ಹೇಳುತ್ತಾರೆ ಎಂದು ಇರ್ಮಾಳಿಗೆ ಗೊತ್ತಿತ್ತು. ಹೇಳಿದಾಗ ಅಂದುಕೊಂಡಷ್ಟು ಜೋರಾಗಿ ನೋಯಲಿಲ್ಲ, ನಿಧಾನವಾಗಿ ನೋಯಿತು.

"ಆಗ್ಲಿ," ಎಂದಳು. "ಹೋಗಿ ಬರ್ಲಿ. ಅವನಿಗೆ ಸೇರಬೇಕಾದ್ದೇ."

ಗೋಡೆಗೊರಗಿದ್ದ ಅತ್ತಿಲ್ಯೊ ಕೆಮ್ಮಿದ. ಮತ್ತೆ ಕೆಮ್ಮಿದ. ಯಾರೋ ನೀರು ಕೊಟ್ಟರು.

*

ಪಾಲ್ಮಿರಾಳ ಜೊತೆ ಕೂರಲು ಮನಸ್ಸಾಗದೆ ಇರ್ಮಾ ಅತ್ತಿಲ್ಯೊನ ಹಳೆಯ ಪಿಕಪ್ಪು ಹತ್ತಿದಳು. ಅವನು ಸೀಟಿನ ಮೇಲಿದ್ದ ಸ್ಪ್ಯಾನರುಗಳನ್ನು ತೆಗೆದು, ತನ್ನ ಸ್ವೆಟರನ್ನು ಒಳಬದಿ ಹೊರಗೆ ಮಾಡಿ ಹಾಸಿದ, ಅವಳ ಕಪ್ಪು ಲಂಗಕ್ಕೆ ಗ್ರೀಸು ಹತ್ತಬಾರದೆಂದು. ಮುಂದೆ ಪೆಟ್ಟಿಗೆ ಹೊತ್ತ ಹೂವಿನ ಗಾಡಿ ನಿಧಾನವಾಗಿ ಹೊರಟಿತು. ಎರಡೂ ಕಡೆ ಕೊಯ್ದು ಮುಗಿದ ಸೋಯಾ ಹೊಲ, ಬೇಲಿಗಂಬದ ಮೇಲೆ ಹದ್ದುಗಳು.

"ಇರ್ಮಾ," ಎಂದ ಅತ್ತಿಲ್ಯೊ.

"ಹೂಂ."

"ಏನಿಲ್ಲ."

ಸ್ವಲ್ಪ ದೂರ ಹೋದ ಮೇಲೆ ಮತ್ತೆ, "ಇರ್ಮಾ, ಆ ಸುತ್ತು ಬೇಡ ಅಂದುಬಿಡು."

"ಯಾಕೆ? ಬೇಡ ಅಂದು ಅಂದೇ ನನ್ನ ಜೀವಮಾನ ಹೋಯ್ತು. ಇವತ್ತಾದ್ರೂ ಹೂಂ ಅಂದಿದೀನಿ."

"ಅದಲ್ಲ..." ಅವನು ಗೇರು ಬದಲಾಯಿಸಿದ. ಬದಲಾಯಿಸುವ ಅಗತ್ಯವಿರಲಿಲ್ಲ. "ಅವನಿಗೆ ಆಗಲ್ಲ."

"ಏನಾಗಲ್ಲ?"

"ಸುತ್ತು ಹಾಕೋದು ಆಗಲ್ಲ. ಹೊಟ್ಟೆ ತೊಳಸುತ್ತೆ ಅವನಿಗೆ."

ಇರ್ಮಾ ತಿರುಗಿ ನೋಡಿದಳು. ಎಪ್ಪತ್ತು ದಾಟಿದ ಅತ್ತಿಲ್ಯೊನ ಕಿವಿ ತಪ್ಪು ಮಾಡಿ ಸಿಕ್ಕಿಬಿದ್ದವನ ಕಿವಿಯಂತೆ ಕೆಂಪಾಗಿತ್ತು.

"ನಿನ್ನ ಹತ್ರ ಹೇಳಲ್ಲ ಅಂತ ಅವನಿಗೆ ಮಾತು ಕೊಟ್ಟಿದ್ದೆ," ಎಂದ. "ಆದ್ರೆ ಈಗ ಕಣ್ಣೆದುರಿಗೇ ಅವನನ್ನ ಕಟ್ಟಿಹಾಕಿ ಇಳಿಜಾರಲ್ಲಿ ಜೋರಾಗಿ ಬಿಡ್ತೀನಿ ಅಂತಾರಲ್ಲ, ನೋಡ್ಕೊಂಡು ಹ್ಯಾಗೆ ಸುಮ್ನಿರ್ಲಿ?"

*

ಅತ್ತಿಲ್ಯೊ ಹೇಳಿದ್ದು ಹಳೆಯ ಕತೆ, ಇರ್ಮಾಳ ಮದುವೆಯ ನಂತರದ್ದು. ಆಗ ಕಾರು ಓಡಿಸುತ್ತಿದ್ದವನು ಮೌರೊನ ಅಪ್ಪ. ಒಂದು ಶುಕ್ರವಾರ ಅಭ್ಯಾಸದ ಹೊತ್ತಿಗೆ ಅವನಿಗೆ ಮೂತ್ರಪಿಂಡದ ಕಲ್ಲಿನ ನೋವು ಕಾಣಿಸಿಕೊಂಡು ಆಸ್ಪತ್ರೆಗೆ ಒಯ್ದರು. ಹೊಸದಾಗಿ ಕೂರಿಸಿದ ಎಂಜಿನ್ನನ್ನು ಯಾರಾದರೂ ಓಡಿಸಿ ನೋಡಲೇಬೇಕಿತ್ತು. ಟ್ರ್ಯಾಕಿನಲ್ಲಿ ಉಳಿದವರು ಅತ್ತಿಲ್ಯೊ ಮತ್ತು ನೆಲ್ಸೊ ಇಬ್ಬರೇ. ಅತ್ತಿಲ್ಯೊನ ಹೊಟ್ಟೆ ಆ ಕಾರಿನಲ್ಲಿ ಹಿಡಿಸುತ್ತಿರಲಿಲ್ಲ.

"ಅಭ್ಯಾಸ ತಾನೆ, ರೇಸಲ್ಲವಲ್ಲ," ಎಂದು ನೆಲ್ಸೊ ಹೆಲ್ಮೆಟ್ ಹಾಕಿಕೊಂಡ. ಪಟ್ಟಿ ಸಿಕ್ಕಿಸಲು ಮೂರು ಸಲ ಪ್ರಯತ್ನಿಸಿದ. ಆಸೆಯ ಆತುರ ಎಂದು ಅತ್ತಿಲ್ಯೊ ಅಂದುಕೊಂಡ.

ಒಂದು ಸುತ್ತು ಹೋದ, ಇನ್ನೊಂದು ಹೋದ, ಮೂರನೆಯದರಲ್ಲಿ ಒಳಗೆ ಬಂದುಬಿಟ್ಟ. ಇಳಿದವನ ಮುಖ ಹಿಟ್ಟು ಬಳಿದಂತಿತ್ತು. ಟೈರುಗಳ ರಾಶಿಯ ಹಿಂದೆ ಹೋಗಿ ವಾಂತಿ ಮಾಡಿಕೊಂಡ. ಬಾಯಿ ಒರೆಸಿಕೊಂಡು ಬಂದು, "ಅತ್ತಿಲ್ಯೊ, ಇದು ನನ್ನ ಕೈಲಾಗೋ ಕೆಲಸ ಅಲ್ಲ ಮಾರಾಯ," ಎಂದ. "ಎಲ್ಲಾ ಒಟ್ಟಿಗೇ ಮೈಮೇಲೆ ಬರುತ್ತೆ. ಈ ಹಾಳು ಕೆಲಸಾನ ಬಿಟ್ಕೊಟ್ಟೆ ಅಂತ ಅವಳು ಅಷ್ಟೊಂದು ಕೊರಗ್ತಾಳಲ್ಲೋ."

"ಹಾಗಾದ್ರೆ ಹೇಳ್ಬಿಡು. ಇವತ್ತೇ ಹೇಳು, ಅವಳಿಗೂ ನೆಮ್ಮದಿ."

"ಹೇಳ್ತೀನಿ."

ಮಾರನೆಯ ದಿನ ಬುಟ್ಟಿ ಹಿಡಿದು ಬಂದ.

"ಹೇಳಿದ್ಯಾ?"

"ಇಲ್ಲ. ಅವಳಪ್ಪ ಹೋದ ಜಾಗದಲ್ಲಿ ನಾನೂ ಕೂತು ಬಂದೆ ಅಂತ ಯಾವ ಬಾಯಲ್ಲಿ ಹೇಳ್ಲಿ? ಇನ್ಮೇಲೆ ನಾನು ಮನೆ ಬಿಟ್ಟಾಗಲೆಲ್ಲ ಅವಳ ಜೀವ ಬಾಯಿಗೆ ಬರುತ್ತೆ."

ಹಾಗೆ ಅಂದು ಬುಟ್ಟಿಯ ಮುಚ್ಚಳ ತೆಗೆದ. ವಾಸನೆ ಬಂತು. "ಅದೂ ಅಲ್ದೆ," ಎಂದ ನೆಲ್ಸೊ, "ಗೊತ್ತಾದ್ರೆ ಇದು ನಿಂತುಹೋಗುತ್ತಲ್ಲೋ."

*

ಇರ್ಮಾಳಿಗೆ ಮೊದಲು ಬಂದದ್ದು ಸಿಟ್ಟು. ಅಷ್ಟು ವರ್ಷ, ಅಷ್ಟು ಮೊಟ್ಟೆ, ಅಷ್ಟು ಬ್ರೆಡ್ಡಿನ ಪುಡಿ! ಆಮೇಲೆ ಟೈರಿನ ರಾಶಿಯ ಹಿಂದೆ ಬಗ್ಗಿ ನಿಂತ ನೆಲ್ಸೊ ಕಣ್ಣಿಗೆ ಕಟ್ಟಿದ. ಜಾತ್ರೆಯ ಹಡಗಿನ ಉಯ್ಯಾಲೆಯಲ್ಲಿ ಅವಳು ಮಾತ್ರ ಕೂತು, ಅವನು ಕೆಳಗೆ ನಿಂತು ಕೈಬೀಸುತ್ತಿದ್ದ ಒಂದು ಸಂಜೆಯೂ ನೆನಪಾಯಿತು. ಟಿಕೆಟ್ಟು ಒಂದೇ ಸಿಕ್ಕಿತು ಎಂದಿದ್ದ. ಅವಳ ಗಂಟಲಿನಿಂದ ಏನೋ ಸದ್ದು ಬಂತು. ಅತ್ತಿಲ್ಯೊ ಹೆದರಿ ವೇಗ ಕಡಿಮೆ ಮಾಡಿದ.

"ಅಳ್ತಿದೀಯಾ?"

"ಇಲ್ಲ," ಎಂದಳು ಇರ್ಮಾ, ಕಣ್ಣು ಒರೆಸಿಕೊಳ್ಳುತ್ತ. "ನಗ್ತಿದೀನಿ. ಗಾಡಿ ನೋಡ್ಕೊಂಡು ಓಡಿಸು. ಮತ್ತೆ ಅಲ್ಲಿ ನಿಂತ್ಕೊಂಡು ಏನು ಸುಖ ಅವನಿಗೆ? ಗೋಡೆ ಪಕ್ಕ?"

ಅತ್ತಿಲ್ಯೊ ಯೋಚಿಸಿದ. "ಅಷ್ಟು ಜೋರಲ್ಲಿ ಹೋಗೋನು ನನ್ನ ಕಡೆ ಒಂದು ಸಲ ಕಣ್ಣು ಹಾಯಿಸ್ತಾನಲ್ಲ, ಅದು ಸಾಕು ಅಂತಿದ್ದ."

ಗೇಟು ಬಂತು. ಹೂವಿನ ಗಾಡಿ ನಿಂತಿತ್ತು. ಮೌರೊ ಮತ್ತು ಬೇರೆ ಬೇರೆ ತಂಡಗಳವರು ಎರಡೂ ಬದಿ ಸಾಲಾಗಿ ನಿಂತು ಟೋಪಿ ತೆಗೆದಿದ್ದರು. ಪಾಲ್ಮಿರಾ ಕಾರಿನಿಂದ ಇಳಿದು ಶಾಲು ಸರಿಪಡಿಸಿಕೊಂಡಿದ್ದಳು. ಗಾಡಿ ಓಡಿಸುವವನು ಗಾಜು ಇಳಿಸಿ, ಕೈಗವಸು ಹಾಕಿಕೊಂಡ ಕೈಯನ್ನು ಸ್ಟೀರಿಂಗಿನ ಮೇಲಿಟ್ಟು ಕಾಯುತ್ತಿದ್ದ.

ಇರ್ಮಾ ಇಳಿದು ಅವನ ಹತ್ತಿರ ಹೋದಳು. ಹರಳೆಣ್ಣೆ, ಪೆಟ್ರೋಲು, ಬಿಸಿ ರಬ್ಬರು. ಐವತ್ತೊಂಬತ್ತು ವರ್ಷದ ಹಿಂದಿನ ಅದೇ ಗಾಳಿ. ಆದರೂ ಅವಳ ಕಾಲು ನಿಲ್ಲದೆ ನಡೆಯಿತು.

"ಸುತ್ತು ಬೇಡ," ಎಂದಳು.

ಮೌರೊ ಮುಂದೆ ಬಂದ. "ದೋನ್ಯಾ ಇರ್ಮಾ, ಆಗಲಿ ಅಂದಿದ್ರಲ್ಲ..."

"ಅಂದಿದ್ದೆ. ಈಗ ಬೇಡ ಅಂತಿದೀನಿ. ಅವನು ನಿಂತ್ಕೊಳ್ತಿದ್ದ ಗೋಡೆ ಹತ್ರ ಕರ್ಕೊಂಡು ಹೋಗಿ. ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ. ಅಷ್ಟು ಸಾಕು."

"ಅಯ್ಯೋ ದೇವರೇ!" ಪಾಲ್ಮಿರಾಳ ದನಿ ಇಡೀ ಟ್ರ್ಯಾಕಿಗೆ ಕೇಳಿಸಿತು. "ಸತ್ತ ಮೇಲೂ ಬಿಡ್ಲಿಲ್ವಲ್ಲ ಇವಳು! ಇಂಥ ಕಲ್ಲುಮನಸ್ಸು ನಾನೆಲ್ಲೂ ನೋಡ್ಲಿಲ್ಲ!"

ಎಲ್ಲರೂ ಇರ್ಮಾಳನ್ನು ನೋಡಿದರು. ಹಿಂದೆಯೇ ಬಂದಿದ್ದ ಅತ್ತಿಲ್ಯೊ ಬಾಯಿ ತೆರೆದ. ಒಂದು ಮಾತು ಸಾಕಿತ್ತು. ಟೈರುಗಳ ಹಿಂದಿನ ಆ ಒಂದು ವಾಂತಿಯ ಮಾತು ಹೇಳಿಬಿಟ್ಟರೆ, ಮದುವೆಯಾದಂದಿನಿಂದ ಅವಳ ಮೇಲಿದ್ದ ಹೊರೆ ಅಲ್ಲೇ ಕಳಚಿ ಬೀಳುತ್ತಿತ್ತು. ಇರ್ಮಾ ಅವನ ತೋಳನ್ನು ಮೆಲ್ಲಗೆ ಒತ್ತಿದಳು.

"ಹೌದು, ಪಾಲ್ಮಿರಾ," ಎಂದಳು. "ನಾನೇ ಬಿಡ್ಲಿಲ್ಲ."

ಹೂವಿನ ಗಾಡಿ ಹೆಜ್ಜೆಯ ವೇಗದಲ್ಲಿ ಕಾರುಗಳು ಬಂದು ನಿಲ್ಲುವ ಓಣಿಯೊಳಗೆ ಹೋಗಿ ಗೋಡೆಯ ಪಕ್ಕ ನಿಂತಿತು. ಮಡಚುವ ಕುರ್ಚಿ ಅಲ್ಲೇ ಇತ್ತು, ಯಾರೂ ತೆಗೆದಿರಲಿಲ್ಲ. ಗೋಡೆಗೆ ಒರಗಿಸಿದ ಹಲಗೆ, ಮೊಳೆಗಳಿಗೆ ನೇತುಹಾಕಿದ ತಗಡಿನ ಅಂಕಿಗಳು. ಒಂದು ತಗಡಿನ ಮೇಲೆ ಮಾತ್ರ ಅಂಕಿಯಿರಲಿಲ್ಲ. ಬಿಳಿ ಬಣ್ಣದಲ್ಲಿ, ಸ್ವಲ್ಪ ಸೊಟ್ಟಗೆ, ಒಂದು ಮುಳ್ಳುಚಮಚ ಬರೆದಿತ್ತು.

"ಇದೇನು?" ಎಂದು ಇರ್ಮಾ ಕೇಳಿದಳು.

ಮೌರೊ ಸಿಟ್ಟಿನಲ್ಲಿದ್ದ, ಆದರೂ ಉತ್ತರ ಕೊಟ್ಟ. "ಕೊನೇ ಸುತ್ತಿಂದು. ಕೊನೇ ಸುತ್ತಿಗೆ ನೆಲ್ಸೊ ನಂಬರು ತೋರಿಸ್ತಾನೇ ಇರ್ಲಿಲ್ಲ. ನಮ್ಮಪ್ಪನ ಕಾಲದಿಂದ್ಲೂ ಅಷ್ಟೇ. ಗೆದ್ರೂ ಸೋತ್ರೂ ಇದೇ. ಊಟ ಇದೆ, ಹುಷಾರಾಗಿ ಬಾ ಅಂತ."

ಇರ್ಮಾ ತಗಡನ್ನು ಮುಟ್ಟಿದಳು. ಅಂಚು ಚುಚ್ಚದಂತೆ ಅದನ್ನು ಸುತ್ತಲೂ ಅರದಿಂದ ಉಜ್ಜಿ ನುಣುಪು ಮಾಡಿತ್ತು.

"ನಿನ್ನೆ ಅವನ ಮುಖದ ಮೇಲೆ ಟೋಪಿ ಸರಿಸಿದ್ದು ಯಾರು, ಮಗ?"

ಮೌರೊ ಮುಖ ಆ ಕಡೆ ತಿರುಗಿಸಿದ. "ನಾನೇ. ಬಿಸಿಲಿತ್ತು."

*

ಮಣ್ಣು ಮಾಡಿ ಎಲ್ಲರೂ ಚದುರಿದರು. ಇರ್ಮಾ ಮನೆಗೆ ಬಂದಳು. ಸಿಂಕಿನಲ್ಲಿ ಶನಿವಾರದ ಮೊಟ್ಟೆಚಿಪ್ಪುಗಳು ಹಾಗೇ ಬಿದ್ದಿದ್ದವು. ಫ್ರಿಜ್ಜಿನೊಳಗೆ ಪುಡಿಯಲ್ಲಿ ಹೊರಳಿಸಿಟ್ಟ ಮಾಂಸದ ತಟ್ಟೆ. ಕೋಟೂ ಕಳಚದೆ ಅದನ್ನು ಹೊರತೆಗೆದಳು. ಆಮೇಲೆ ಒಲೆ ಹಚ್ಚಿ, ಬಾಣಲೆಗೆ ಎಣ್ಣೆ ಸುರಿದಳು.

ಅವಳು ಟ್ರ್ಯಾಕು ಮುಟ್ಟುವ ಹೊತ್ತಿಗೆ ರೇಸು ಮುಗಿಯುತ್ತ ಬಂದಿತ್ತು. ಪುಟ್ಟ ಕಾರುಗಳು ಜೇನುಹುಳುಗಳಂತೆ ಗುಂಯ್‌ಗುಟ್ಟುತ್ತ ಹಾದುಹೋಗುತ್ತಿದ್ದವು. ಪ್ರತಿ ಸಲ ಹಾದಾಗಲೂ ಅವಳು ಒಂದು ಗಳಿಗೆ ನಿಂತಳು. ಪ್ರತಿ ಸಲವೂ ಅವಳು ಒಂದೊಂದು ಹೆಜ್ಜೆ ಮುಂದಿಟ್ಟಳು. ಗೋಡೆಯ ಬಳಿ, ನೆಲ್ಸೊ ನಿಲ್ಲುತ್ತಿದ್ದಲ್ಲಿ, ಅತ್ತಿಲ್ಯೊ ಹಲಗೆ ಹಿಡಿದು ನಿಂತಿದ್ದ. ಕುರ್ಚಿಯಲ್ಲಿ ಯಾರೂ ಕೂತಿರಲಿಲ್ಲ.

"ಹೇಗಿದಾನೆ ನಮ್ಮ ಕಡ್ಡಿ?" ಎಂದು ಕೇಳಿದಳು.

ಅತ್ತಿಲ್ಯೊ ಬೆಚ್ಚಿ ತಿರುಗಿದ. ಅವಳನ್ನು ನೋಡಿದ. "ಆರನೆಯವನು. ಬೆಳಿಗ್ಗೆಯ ಸಿಟ್ಟಲ್ಲೇ ಓಡಿಸ್ತಿದಾನೆ, ಎಲ್ಲಿ ಗುದ್ದುತಾನೋ ಅಂತ ನಂಗೆ ಭಯ. ಇನ್ನೊಂದೇ ಸುತ್ತು ಇರೋದು."

"ಮತ್ತೆ ತೋರಿಸು."

"ಏನು ತೋರಿಸ್ಲಿ? ಇವತ್ತು..." ಎಂದು ಅವನು ನಿಲ್ಲಿಸಿದ. ಆಗ ಅವಳ ಕೈಯಲ್ಲಿದ್ದ ಬುಟ್ಟಿ, ಅದರ ತಂತಿ ಸುತ್ತಿದ ಹಿಡಿ, ಮುಚ್ಚಳದ ಸಂದಿಯಿಂದ ಏಳುತ್ತಿದ್ದ ಹಬೆ ಅವನ ಕಣ್ಣಿಗೆ ಬಿತ್ತು.

ಅತ್ತಿಲ್ಯೊ ಹಲಗೆಯ ಅಂಕಿಗಳನ್ನೆಲ್ಲ ಕಿತ್ತು ಕೆಳಗೆ ಹಾಕಿದ. ಮೊಳೆಯಿಂದ ಮುಳ್ಳುಚಮಚದ ತಗಡು ತೆಗೆದು ಸಿಕ್ಕಿಸಿದ. ಗೋಡೆಯ ಮೇಲೆ ಬಗ್ಗಿ ಹಲಗೆಯನ್ನು ಎಷ್ಟು ದೂರ ಚಾಚಲು ಸಾಧ್ಯವೋ ಅಷ್ಟು ದೂರ ಚಾಚಿದ. ನೀಲಿ ಫಿಯಟ್ ತಿರುವಿನಿಂದ ಹೊರಬಿತ್ತು, ಹತ್ತಿರ ಬಂತು, ಒಂದು ಕ್ಷಣ ಹೆಲ್ಮೆಟ್ ಇವರ ಕಡೆ ಹೊರಳಿತು. ಹಾದುಹೋಯಿತು. ಮುಂದಿನ ತಿರುವಿಗೆ ಮೌರೊ ಬೇಗನೆ ಬ್ರೇಕು ಹಾಕಿದ. ಕೆಂಪು ದೀಪ ಮೊದಲಿಗಿಂತ ಬಹಳ ಮುಂಚೆ ಹೊತ್ತಿಕೊಂಡದ್ದು ಇಬ್ಬರಿಗೂ ಕಾಣಿಸಿತು.

ಹರಳೆಣ್ಣೆಯ ವಾಸನೆ ಗಾಳಿಯಲ್ಲಿ ತೇಲಿ ಬಂದು ಅವರ ಮೇಲೆ ಇಳಿಯಿತು.

ಅತ್ತಿಲ್ಯೊ ಹಲಗೆ ಕೆಳಗಿಟ್ಟು ಗ್ರೀಸಿನ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ. ಇರ್ಮಾ ಬುಟ್ಟಿಯ ಮುಚ್ಚಳ ತೆಗೆದಳು. ಎಲ್ಲಕ್ಕಿಂತ ಮೇಲೆ, ಬೇರೆ ಬಟ್ಟೆಯಲ್ಲಿ ಸುತ್ತಿ, ನಿಂಬೆ ಹಿಂಡದೆ ಇಟ್ಟದ್ದೊಂದಿತ್ತು. ಅದನ್ನು ಎತ್ತಿ ಅವನ ಕೈಗಿಟ್ಟಳು.